ವಾಯಿದೆಗೆ ಮುಂಚೆ ಬಿಟ್ಟುಹೋದರೆ: ಬಾಡಿಗೆ ಮತ್ತು ಚೇಣಿ ಕರಾರುಗಳ ತಕರಾರು



ಕಳೆದ ಹಂಗಾಮಿನ ಕೊನೆಯಲ್ಲಿ ನಮ್ಮ ಸಂಘದ ಇಬ್ಬರು ಸದಸ್ಯರು ಕಚೇರಿಗೆ ಬಂದು, ಒಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ನೀವೇ ನ್ಯಾಯ ಹೇಳಿ ಎಂದರು. ಒಬ್ಬರದು ಪೇಟೆ ಬದಿಯ ಗೋದಾಮು ಮತ್ತು ಸಿಮೆಂಟು ಕಣ. ಇನ್ನೊಬ್ಬರು ಅದನ್ನು ಕಾಫಿ ಒಣಗಿಸಲು ಮೂರು ವರ್ಷಕ್ಕೆಂದು ಹಿಡಿದು, ಹದಿನಾಲ್ಕನೆಯ ತಿಂಗಳಿಗೆ ಖಾಲಿ ಮಾಡಿದ್ದರು. ತಿಂಗಳಿಗೆ 8,000 ರೂಪಾಯಿ ಬಾಡಿಗೆ, 50,000 ಮುಂಗಡ. ಉಳಿದ 22 ತಿಂಗಳ ಬಾಡಿಗೆ 1,76,000 ಕೊಡಬೇಕು, ಮುಂಗಡವೂ ವಾಪಸಿಲ್ಲ ಎಂದು ಮಾಲೀಕರು. ಬಿಟ್ಟ ಮೇಲೆ ಬಾಡಿಗೆ ಏಕೆ, ಮುಂಗಡ ಪೂರ್ತಿ ಕೊಡಿ ಎಂದು ಬಾಡಿಗೆದಾರರು. ಬೀಗದ ಕೈಯನ್ನು ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ಮುಟ್ಟುವುದಿಲ್ಲ. ಇಬ್ಬರೂ ಬಾಲ್ಯದಿಂದ ಸ್ನೇಹಿತರು.

ಇಂತಹ ತಕರಾರು ವರ್ಷಕ್ಕೆ ಎರಡು ಮೂರಾದರೂ ನಮ್ಮ ಮುಂದೆ ಬರುತ್ತವೆ. ಇದರಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಸದಸ್ಯರ ತಿಳುವಳಿಕೆಗಾಗಿ ಸರಳವಾಗಿ ಬರೆಯುತ್ತಿದ್ದೇವೆ.

ಕೊಟ್ಟದ್ದು ಏನು?

ಮೊದಲು ಕೇಳಬೇಕಾದ ಪ್ರಶ್ನೆ ಇದು. ನಮ್ಮ ಕಡೆ ‘ಗುತ್ತಿಗೆ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ವ್ಯವಹಾರಗಳನ್ನು ಸೇರಿಸುತ್ತೇವೆ. ಗೋದಾಮು, ಅಂಗಡಿ, ಮನೆ ಬಾಡಿಗೆಗೆ ಕೊಡುವುದು ಒಂದು. ಮರದ ಮೇಲಿನ ಫಸಲನ್ನು ಚೇಣಿಗೆ ಕೊಡುವುದು ಎರಡನೆಯದು. ತೋಟದ ಭೂಮಿಯನ್ನೇ ಗೇಣಿಗೆ ಕೊಡುವುದು ಮೂರನೆಯದು. ಈ ಮೂರಕ್ಕೂ ಕಾನೂನು ಬೇರೆ, ನಡುವೆ ಬಿಟ್ಟರೆ ಆಗುವ ಪರಿಣಾಮವೂ ಬೇರೆ.

ಕಟ್ಟಡದ ಬಾಡಿಗೆ

ಕಟ್ಟಡದ ಬಾಡಿಗೆಗೆ ಸಾಮಾನ್ಯವಾಗಿ 1882ರ ಸ್ವತ್ತು ವರ್ಗಾವಣೆ ಕಾಯಿದೆ ಅನ್ವಯಿಸುತ್ತದೆ. ಅದರ 107ನೇ ಕಲಮಿನ ಪ್ರಕಾರ ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರು ನೋಂದಣಿ ಆಗಲೇಬೇಕು. ಎಲ್ಲರೂ ಹನ್ನೊಂದು ತಿಂಗಳಿಗೆ ಕರಾರು ಬರೆಯುವ ರೂಢಿ ಬಂದಿರುವುದು ಇದೇ ಕಾರಣಕ್ಕೆ. ನಮ್ಮ ಈ ಸದಸ್ಯರ ಕರಾರು ಛಾಪಾ ಕಾಗದದಲ್ಲಿತ್ತು, ನೋಟರಿಯ ಮೊಹರೂ ಇತ್ತು. ಆದರೆ ನೋಂದಣಿ ಆಗಿರಲಿಲ್ಲ. ನೋಟರಿಯ ಮೊಹರು ನೋಂದಣಿ ಅಲ್ಲ ಎಂಬುದನ್ನು ಸದಸ್ಯರು ಚೆನ್ನಾಗಿ ನೆನಪಿಡಬೇಕು.

ಹಾಗಾದರೆ ಆ ಕರಾರಿನ ಗತಿ ಏನು? ಆಂಥೋನಿ ಮತ್ತು ಕೆ. ಸಿ. ಇಟ್ಟೂಪ್ ಅಂಡ್ ಸನ್ಸ್ ಇವರ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ ಇದನ್ನು ಬಿಡಿಸಿ ಹೇಳಿದೆ. ನೋಂದಣಿಯಾಗದ ಐದು ವರ್ಷದ ಕರಾರು ಐದು ವರ್ಷದ ಹಕ್ಕನ್ನು ಕೊಡುವುದಿಲ್ಲ. ಆದರೆ ಸ್ವಾಧೀನ ಕೊಟ್ಟು ಬಾಡಿಗೆ ಪಡೆದಿದ್ದರಿಂದ ಬಾಡಿಗೆ ಸಂಬಂಧ ಇಲ್ಲ ಎನ್ನುವಂತೆಯೂ ಇಲ್ಲ. ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಗುತ್ತದೆ. ತಿಂಗಳ ಬಾಡಿಗೆಯನ್ನು 106ನೇ ಕಲಮಿನ ಪ್ರಕಾರ ಯಾವ ಪಕ್ಷದವರಾದರೂ 15 ದಿನಗಳ ಲಿಖಿತ ನೋಟೀಸು ಕೊಟ್ಟು ಮುಗಿಸಬಹುದು.

ಅಂದರೆ 22 ತಿಂಗಳ ಬಾಡಿಗೆ ಕೇಳಲು ಮಾಲೀಕರಿಗೆ ಆಧಾರ ಉಳಿಯಲಿಲ್ಲ. ಬಾಡಿಗೆದಾರರೂ ಹಿಗ್ಗುವಂತಿಲ್ಲ. ಅವರು ನೋಟೀಸು ಕೊಡದೆ ಎದ್ದುಹೋಗಿದ್ದರು. ಮೇಲಾಗಿ, ಮಾಲೀಕರು ಮನಸ್ಸು ಮಾಡಿದ್ದರೆ ಇವರನ್ನು ಫಸಲು ಕಣದಲ್ಲಿ ಹರಡಿದ್ದ ಡಿಸೆಂಬರಿನಲ್ಲೇ ಹದಿನೈದು ದಿನದ ನೋಟೀಸಿನ ಮೇಲೆ ಬಿಡಿಸಬಹುದಾಗಿತ್ತು. ಇಬ್ಬರೂ ನಂಬಿದ್ದ ಕಾಗದ ಇಬ್ಬರನ್ನೂ ಕಾಯಲಿಲ್ಲ.

ಕರಾರು ನೋಂದಣಿ ಆಗಿದ್ದರೆ?

ಆಗ ವಾಯಿದೆಗೆ ಬೆಲೆ ಇದೆ. ನಡುವೆ ಬಿಡಲು ಅವಕಾಶ ಬರೆದಿಲ್ಲದಿದ್ದರೆ, ಬಿಟ್ಟವನು ನಷ್ಟಕ್ಕೆ ಹೊಣೆ. ಆದರೆ ಉಳಿದ ತಿಂಗಳುಗಳ ಮೊತ್ತವೆಲ್ಲ ತಾನಾಗಿ ನಷ್ಟ ಎನಿಸುವುದಿಲ್ಲ. 1872ರ ಕರಾರು ಕಾಯಿದೆಯ 73ನೇ ಕಲಮು ನಿಜವಾಗಿ ಆದ ನಷ್ಟವನ್ನು ನೋಡುತ್ತದೆ. ಆ ನಷ್ಟವನ್ನು ತಗ್ಗಿಸಲು ಏನು ದಾರಿ ಇತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೂರು ತಿಂಗಳಲ್ಲಿ ಬೇರೆ ಬಾಡಿಗೆದಾರ ಸಿಕ್ಕಿದರೆ ನಷ್ಟ ಮೂರು ತಿಂಗಳದ್ದು. ‘ನಡುವೆ ಬಿಟ್ಟರೆ ಮುಂಗಡ ಜಪ್ತಿ’ ಎಂದು ಬರೆದಿದ್ದರೂ, 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಮೇಲ್ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟೇ.

ಬೀಗದ ಕೈಯ ವಿಷಯವೂ ಸಣ್ಣದಲ್ಲ. ಮಾಲೀಕನು ಕೈ ಪಡೆದು ಜಾಗವನ್ನು ಸ್ವಾಧೀನಕ್ಕೆ ತೆಗೆದುಕೊಂಡರೆ ಅಥವಾ ಇನ್ನೊಬ್ಬರಿಗೆ ಕೊಟ್ಟರೆ, ಬಾಡಿಗೆ ಅಲ್ಲಿಗೆ ಮುಗಿದಂತೆ. ಆದ್ದರಿಂದ ಕೈ ಕೊಡುವಾಗ ‘ಇಂಥ ದಿನ ಒಪ್ಪಿಸಿದೆ’ ಎಂದು, ಪಡೆಯುವಾಗ ‘ಹಿಂದಿನ ಬಾಕಿಯ ಹಕ್ಕು ಉಳಿಸಿಕೊಂಡು ಪಡೆದೆ’ ಎಂದು ಬರೆದು ಸಹಿ ಮಾಡಿಸುವುದು ಒಳ್ಳೆಯದು. ಪಡೆಯಲು ಒಪ್ಪದಿದ್ದರೆ ಅಂಚೆಯಲ್ಲಿ ಪತ್ರ ಕಳಿಸಿ ರಸೀತಿ ಇಟ್ಟುಕೊಳ್ಳಬೇಕು.

ಮಳೆ, ಗಾಳಿ, ಕುಸಿತ

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದನ್ನು ನಾವು ಯಾರೂ ಮರೆತಿಲ್ಲ. ಬೆಂಕಿ, ಬಿರುಗಾಳಿ, ನೆರೆಯಂತಹ ತಡೆಯಲಾಗದ ಕಾರಣದಿಂದ ಜಾಗದ ಮುಖ್ಯ ಭಾಗ ಪೂರ್ತಿ ನಾಶವಾದರೆ ಅಥವಾ ಹಿಡಿದ ಉದ್ದೇಶಕ್ಕೆ ಶಾಶ್ವತವಾಗಿ ಕೆಟ್ಟುಹೋದರೆ, ಬಾಡಿಗೆದಾರನು ಇಚ್ಛೆಪಟ್ಟಲ್ಲಿ ಕರಾರನ್ನು ಅಲ್ಲಿಗೆ ಕೈಬಿಡಬಹುದು ಎಂದು 108ನೇ ಕಲಮು ಹೇಳುತ್ತದೆ. ನಾಲ್ಕು ಹೆಂಚು ಹಾರಿದ್ದು ಅದಕ್ಕೆ ಸಾಲದು. ಅದು ದುರಸ್ತಿಯ ವಿಷಯ. ದುರಸ್ತಿ ಮಾಡಲು ಬದ್ಧನಾದ ಮಾಲೀಕನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಚೇಣಿ

ಚೇಣಿ ಭೂಮಿಯ ಗುತ್ತಿಗೆಯಲ್ಲ. ಮರದ ಮೇಲಿರುವ ಫಸಲಿನ ಮಾರಾಟ. ಆದ್ದರಿಂದ ಇಲ್ಲಿ ನೋಟೀಸಿನ ವಾಯಿದೆಯ ಮಾತಿಲ್ಲ, ಕರಾರಿನ ಮಾತು ಮಾತ್ರ. ದರ ಇಳಿಯಿತು ಎಂದು ಚೇಣಿದಾರನು ನಡುವೆ ಬಿಡುವಂತಿಲ್ಲ. ದರ ಏರಿತು ಎಂದು ತೋಟದವನು ಬಿಡಿಸುವಂತೆಯೂ ಇಲ್ಲ. ಬೆಲೆಯ ಏರಿಳಿತದಿಂದ ಕರಾರು ಕಷ್ಟವಾದ ಮಾತ್ರಕ್ಕೆ ಅದು ಮುರಿದುಬೀಳದು ಎಂದು ಸುಪ್ರೀಂ ಕೋರ್ಟು 1960ರಲ್ಲೇ ಅಲೋಪಿ ಪರ್ಷಾದ್ ಮೊಕದ್ದಮೆಯಲ್ಲಿ ಹೇಳಿದೆ.

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ತೋಟವನ್ನು ಬಾಯಿಮಾತಿನ ಮೇಲೆ, ತೋಟದ ಮೇಲೆ ಒಟ್ಟು ಲೆಕ್ಕದಲ್ಲಿ, ಪರಿಚಯದವರೊಬ್ಬರಿಗೆ ಚೇಣಿಗೆ ಕೊಟ್ಟೆವು. ಆ ಮಳೆಗಾಲ ಕೊಳೆರೋಗ ಜೋರಾಗಿತ್ತು. ಮೊದಲ ಕೊಯ್ಲು ಮುಗಿಸಿ ಅವರು ಮತ್ತೆ ಬರಲಿಲ್ಲ. ಕೊಳೆಯ ನಷ್ಟ ನಿಮ್ಮದು ಎಂದು ಅವರು, ಒಟ್ಟು ಲೆಕ್ಕ ಎಂದರೆ ನಷ್ಟವೂ ನಿಮ್ಮದು ಎಂದು ನಾವು. ಬರೆದದ್ದು ಏನೂ ಇರಲಿಲ್ಲ. ಬರಲಿ, ಅವರೇ ಬಂದು ಕೊಯ್ಯಲಿ ಎಂಬ ಹಟದಲ್ಲಿ ನಾವು ಕೊನೆಗಾರರನ್ನು ಕರೆಸದೆ ಕುಳಿತೆವು. ಅಷ್ಟರಲ್ಲಿ ಹಸಿರಿನಲ್ಲಿ ಇಳಿಯಬೇಕಾದ ಅಡಿಕೆ ಹಣ್ಣಾಗಿ ಗೋಟಿನ ಪಾಲಾಯಿತು. ಆ ನಷ್ಟವನ್ನು ಕೇಳಲು ವಕೀಲರ ಬಳಿ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ನೀವೇ ಏಕೆ ಕೊಯ್ಸಲಿಲ್ಲ? ನಮ್ಮಲ್ಲಿ ಉತ್ತರವಿರಲಿಲ್ಲ. ಹಟದಿಂದ ಬೆಳೆದ ನಷ್ಟವನ್ನು ಎದುರಾಳಿಯ ತಲೆಗೆ ಕಟ್ಟಲು ಕಾನೂನು ಬಿಡುವುದಿಲ್ಲ. ಇಂಥ ಸಂದರ್ಭದಲ್ಲಿ ಕೂಡಲೇ ಪತ್ರ ಬರೆದು ತಿಳಿಸಿ, ಇಬ್ಬರು ಸಾಕ್ಷಿಗಳ ಮುಂದೆ ಕೊಯ್ಸಿ, ತೂಕದ ಲೆಕ್ಕ ಇಟ್ಟು, ಕಡಿಮೆಯಾದ ಮೊತ್ತವನ್ನಷ್ಟೇ ಕೇಳಬೇಕು.

ಭೂಮಿಯ ಗೇಣಿ

ಅಡಿಕೆ ತೋಟದ ಭೂಮಿಯನ್ನೇ ವರ್ಷಗಟ್ಟಲೆ ಗೇಣಿಗೆ ಬರೆದುಕೊಡುವವರು ಇನ್ನೂ ಇದ್ದಾರೆ. ಕರ್ನಾಟಕ ಭೂಸುಧಾರಣಾ ಕಾಯಿದೆಯ 5ನೇ ಕಲಮು 1974ರ ಮಾರ್ಚ್ 1ರಿಂದ, ಸೈನಿಕರು ಮತ್ತು ನಾವಿಕರಿಗೆ ಇರುವಂತಹ ಕೆಲವು ವಿನಾಯಿತಿಗಳನ್ನು ಬಿಟ್ಟು, ಕೃಷಿ ಭೂಮಿಯ ಹೊಸ ಗೇಣಿಯನ್ನು ನಿಷೇಧಿಸಿದೆ. ನಿಷಿದ್ಧ ಕರಾರನ್ನು ಹಿಡಿದು ನ್ಯಾಯ ಕೇಳಲು ಹೋದರೆ ಇಬ್ಬರ ಕೈಯೂ ಬರಿದು. ಚೇಣಿ ಬರೆಯುವಾಗಲೂ ಭೂಮಿಯ ಸ್ವಾಧೀನ, ಗೊಬ್ಬರ, ಬೇಸಾಯ ಎಲ್ಲ ತೋಟದವರದೇ, ಕೊಟ್ಟದ್ದು ಇಂಥ ವರ್ಷದ ಫಸಲು ಮಾತ್ರ ಎಂದು ಸ್ಪಷ್ಟಪಡಿಸಬೇಕು.

ಕರಾರಿನಲ್ಲಿ ಇರಬೇಕಾದವು

1. ಆರಂಭದ ದಿನ, ಮುಗಿಯುವ ದಿನ. ವರ್ಷ ಮೀರಿದ ಬಾಡಿಗೆಯಾದರೆ ನೋಂದಣಿ.
2. ನಡುವೆ ಬಿಡಬೇಕಾದರೆ ಎಷ್ಟು ತಿಂಗಳ ನೋಟೀಸು, ಎಷ್ಟು ಪರಿಹಾರ. ಈ ಮಾತು ಇಬ್ಬರಿಗೂ ಸಮನಾಗಿರಲಿ.
3. ಫಸಲು ಕಣದಲ್ಲಿರುವ ತಿಂಗಳುಗಳಲ್ಲಿ ಬಿಡಿಸುವಂತಿಲ್ಲ ಎಂಬ ಷರತ್ತು.
4. ಮುಂಗಡ ಯಾವುದಕ್ಕೆ ಮುರಿದುಕೊಳ್ಳಬಹುದು, ಉಳಿದದ್ದು ಎಷ್ಟು ದಿನದಲ್ಲಿ ವಾಪಸು.
5. ದುರಸ್ತಿ ಯಾರದು. ಜಾಗ ಒಪ್ಪಿಸಿದ ದಿನದ ಸ್ಥಿತಿ.
6. ಚೇಣಿಯಾದರೆ ಬೋರ್ಡೋ ದ್ರಾವಣ ಹೊಡೆಸುವವರು ಯಾರು, ಕೊಳೆಯ ನಷ್ಟ ಯಾರ ಪಾಲು, ಕೊಯ್ಲಿಗೆ ಎಷ್ಟು ದಿನ ತಡವಾದರೆ ತೋಟದವರೇ ಕೊಯ್ಸಬಹುದು.

ತಕರಾರು ಬಂದ ಮೇಲೆ

ಸದಸ್ಯರ ಖಾಸಗಿ ಬಾಡಿಗೆ ತಕರಾರನ್ನು ತೀರ್ಮಾನಿಸುವ ಅಧಿಕಾರ ಸಂಘಕ್ಕೆ ಇಲ್ಲ. ಕುಳಿತು ಮಾತನಾಡಿಸಲು ಮಾತ್ರ ಸಾಧ್ಯ. ಅದರಲ್ಲಿ ಹೊಂದದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು, ದಾವೆ ಹೂಡುವ ಮುಂಚೆಯೇ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಆದ ರಾಜಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ.

ಗೋದಾಮಿನ ವ್ಯವಹಾರ ನಮ್ಮ ಕಚೇರಿಯಲ್ಲೇ ಮುಗಿಯಿತು. ನೋಟೀಸಿಲ್ಲದೆ ಬಿಟ್ಟದ್ದಕ್ಕೆ ಒಂದು ತಿಂಗಳ ಬಾಡಿಗೆ 8,000, ಕಣದ ಬಿರುಕಿನ ದುರಸ್ತಿಗೆ 6,000, ಒಟ್ಟು 14,000 ಮುರಿದು 36,000 ರೂಪಾಯಿ ವಾಪಸು ಕೊಡಲು ಮಾಲೀಕರು ಒಪ್ಪಿದರು. ಮೇಜಿನ ಮೇಲಿದ್ದ ಬೀಗದ ಕೈಯನ್ನು ಅಂದೇ ತೆಗೆದುಕೊಂಡು ಹೋದರು. ಆದರೆ ಮಾಲೀಕರು ಕೈ ಪಡೆಯದೆ ಹಟ ಹಿಡಿದ ಎರಡು ತಿಂಗಳು ಗೋದಾಮು ಖಾಲಿ ಬಿದ್ದಿತ್ತು. ಆ ಬಾಡಿಗೆ ಯಾರಿಗೂ ದಕ್ಕಲಿಲ್ಲ.

ಕರಾರು ಬರೆಯುವ ದಿನ ಇಬ್ಬರ ಮನಸ್ಸೂ ಚೆನ್ನಾಗಿರುತ್ತದೆ. ಬಿಡುವ ದಿನದ ಮಾತನ್ನು ಅಂದೇ ಬರೆದಿಟ್ಟುಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ. ಈ ಹಂಗಾಮಿಗೆ ಚೇಣಿ ಅಥವಾ ಬಾಡಿಗೆ ಕರಾರು ಮಾಡುವವರು ಸಹಿ ಹಾಕುವ ಮೊದಲು ಕರಡನ್ನು ಕಚೇರಿಗೆ ತಂದು ತೋರಿಸಿದರೆ, ಮೇಲಿನ ಆರು ಅಂಶಗಳು ಬಂದಿವೆಯೇ ಎಂದು ಓದಿ ಹೇಳುತ್ತೇವೆ.

— ಕಾರ್ಯದರ್ಶಿ