ಕಾಡಿನಿಂದ ಬಂದ ಮೇಲೆ ಉಣ್ಣೆ ಹುಡುಕಿ

ಹುಣಸೂರು, ಎಚ್.ಡಿ. ಕೋಟೆಯವರಿಗೆ ನಾಗರಹೊಳೆ ಮನೆ ಪಕ್ಕದ್ದೇ. ಆದರೆ ಅಲ್ಲಿ ಸಫಾರಿ ಗಾಡಿಯಿಂದ ಇಳಿಯುವಂತಿಲ್ಲ. ರಜೆಯಲ್ಲಿ ಮಕ್ಕಳೊಂದಿಗೆ ಬೆಟ್ಟ ಹತ್ತುವ ಆಸೆಯಿದ್ದರೆ ಕುದುರೆಮುಖ, ಕೊಡಚಾದ್ರಿಗೆ ಹೋಗುತ್ತೀರಿ. ಅರಣ್ಯ ಇಲಾಖೆಯ ಅನುಮತಿ ಪಡೆದು ಖಂಡಿತ ಹೋಗಿಬನ್ನಿ.

ಎಲ್ಲರೂ ಹೆದರುವುದು ಜಿಗಣೆಗೆ. ಪಾಪ, ಅದು ರಕ್ತ ಹೀರಿ ಉದುರುತ್ತದೆ. ಎಚ್ಚರ ಬೇಕಿರುವುದು ಗಸಗಸೆ ಕಾಳಿನಷ್ಟಿರುವ ಎಳೆ ಉಣ್ಣೆಯ ಬಗ್ಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇದರ ಕಡಿತದಿಂದ ಬರುತ್ತದೆ. 2012ರಲ್ಲಿ ನಮಗೆ ಹತ್ತಿರದ ಬಂಡೀಪುರದಲ್ಲೂ, ಸತ್ತ ಮಂಗಗಳನ್ನು ಮುಟ್ಟಿದವರಿಗೆ ತಗುಲಿತ್ತು. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಬೇಸಿಗೆ ರಜೆಯಲ್ಲೂ, ಇದರ ಕಾಲವೇ.

ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಬುರ್ಖಾದ ಅಂಚು ಹುಲ್ಲಿಗೆ ತಾಗುತ್ತಿದ್ದರೆ ಸ್ವಲ್ಪ ಎತ್ತಿ ಕಟ್ಟಿಕೊಳ್ಳಿ. ಒಣ ಎಲೆಗಳ ಮೇಲೆ ಕೂರಬೇಡಿ. ನಮಾಝಿಗೆ ಬಯಲು ಬಂಡೆ ಆರಿಸಿ, ಮುಸಲ್ಲಾ ಕೊಡವಿ ಮಡಚಿ. ಸತ್ತ ಮಂಗ ಕಂಡರೆ ದೂರವಿರಿ, ಅರಣ್ಯ ಸಿಬ್ಬಂದಿಗೆ ತಿಳಿಸಿ.

ತಂಗುವ ಜಾಗಕ್ಕೆ ಬಂದೊಡನೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ವುಝೂಗೆ ಕೈಕಾಲು ತೊಳೆದರಷ್ಟೇ ಸಾಲದು. ಕಂಕುಳು, ತೊಡೆಸಂದು, ಕಿವಿಯ ಹಿಂಭಾಗದಲ್ಲಿ ಅದು ಕಚ್ಚಿ ಕೂತಿರುತ್ತದೆ. ಮಕ್ಕಳ ತಲೆಗೂದಲನ್ನು ತಾಯಂದಿರೇ ನೋಡಿ. ಸಿಕ್ಕಿದರೆ ಬೆಂಕಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಿರಿ.

ಊರಿಗೆ ಮರಳಿದ ವಾರದಲ್ಲಿ ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, "ಕಾಡಿಗೆ ಹೋಗಿದ್ದೆವು" ಎಂದು ವೈದ್ಯರಿಗೆ ಮೊದಲೇ ಹೇಳಿ.