ನಿಮಗಿದು ಗೊತ್ತೇ? ಬಿಸಿಲಿನ ವಿಟಮಿನ್ನು, ತಲೆಯ ನೋವು

ಮಿದುಳಿಗೆ ನೋವು ತಿಳಿಯುವುದಿಲ್ಲ. ತಲೆ ಸಿಡಿಯುವಾಗ ನೋಯುವುದು ಮಿದುಳಿನ ಹೊದಿಕೆ, ರಕ್ತನಾಳ, ಕತ್ತು-ನೆತ್ತಿಯ ಸ್ನಾಯುಗಳು.

ಮೈಗ್ರೇನ್ ಬಂದಾಗ ಟ್ರೈಜೆಮಿನಲ್ ನರದ ತುದಿಗಳು ಸಿಜಿಆರ್‌ಪಿ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ರಕ್ತನಾಳ ಹಿಗ್ಗುತ್ತದೆ, ಸುತ್ತ ಉರಿಯೂತ ಹುಟ್ಟುತ್ತದೆ. ಇದು ಸೋಂಕಿಲ್ಲದ ಉರಿಯೂತ. ಆದ್ದರಿಂದ ಆಂಟಿಬಯಾಟಿಕ್ ನುಂಗಿ ಪ್ರಯೋಜನವಿಲ್ಲ.

ಪ್ರಯೋಗಾಲಯದಲ್ಲಿ ವಿಟಮಿನ್ ಡಿ ಉರಿಯೂತದ ಸಂದೇಶಗಳನ್ನು ತಗ್ಗಿಸುತ್ತದೆ. ತಲೆನೋವಿಗೂ ಇದೇ ಮದ್ದಾದೀತೇ ಎಂಬ ಆಸೆ ಹುಟ್ಟಿದ್ದು ಇಲ್ಲಿಂದ.

ಫಿನ್ಲೆಂಡಿನ ಕುಓಪಿಯೊದಲ್ಲಿ 42ರಿಂದ 60 ವರ್ಷದ ಸುಮಾರು 2,600 ಗಂಡಸರ ರಕ್ತ ಪರೀಕ್ಷಿಸಿದ್ದರು. ಡಿ ಅಂಶ ತೀರ ಕಡಿಮೆಯಿದ್ದವರಿಗೆ ಪದೇ ಪದೇ ತಲೆನೋವು ಬರುವ ಸಾಧ್ಯತೆ ಎರಡು ಪಟ್ಟಿಗೂ ಮಿಕ್ಕಿತ್ತು. ಆದರೆ ಇದನ್ನು ತಿರುಗಿಸಿಯೂ ನೋಡಬೇಕು: ತಲೆನೋವಿನವರು ಬೆಳಕು ಸಹಿಸಲಾರದೆ ಕೋಣೆ ಸೇರಿದರೆ ಡಿ ಇಳಿಯದೇ ಇರುತ್ತದೆಯೇ? ಕೊರತೆಯಿಂದ ನೋವೋ, ನೋವಿನಿಂದ ಕೊರತೆಯೋ ಎಂಬುದನ್ನು ಇಂಥ ಅಧ್ಯಯನ ಹೇಳಲಾರದು. ಮಾತ್ರೆ ಕೊಟ್ಟು ನೋಡಿದ ಫಲಿತಾಂಶಗಳೂ ಒಂದೇ ತೆರನಾಗಿಲ್ಲ. ಇರಾನಿನ ಸಣ್ಣ ಪರೀಕ್ಷೆಗಳಲ್ಲಿ ಮೈಗ್ರೇನ್ ಕಡಿಮೆಯಾಯಿತು. ಅಮೆರಿಕದ ದೊಡ್ಡ ವೈಟಲ್ ಪರೀಕ್ಷೆಯಲ್ಲಿ ದಿನಕ್ಕೆ 2,000 ಐಯು ಕೊಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೊರತೆಯಿದ್ದವರು ಮೂಳೆಗಾಗಿ ಅದನ್ನು ತುಂಬಿಕೊಳ್ಳಲೇಬೇಕು. ತಲೆನೋವಿಗೆ ಇದೇ ರಾಮಬಾಣ ಎನ್ನುವವರನ್ನು ಮಾತ್ರ ನಂಬಬೇಡಿ.

ಮೈಗ್ರೇನ್ ಎಷ್ಟು ಜನರಿಗಿದೆ ಎಂಬ ಲೆಕ್ಕ ನಮ್ಮಲ್ಲೂ ಇದೆ. ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ 2,329 ವಯಸ್ಕರನ್ನು ಮನೆಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇತ್ತು.

ಇನ್ನು ಬಿಸಿಲಿನ ಮಾತು. ಎಳೆಬಿಸಿಲು ಹಿತ, ಆದರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಯುವಿಬಿ ಕಿರಣ ಅದರಲ್ಲಿ ತೀರ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾದಾಗ ಆ ಕಿರಣ ಚೆನ್ನಾಗಿ ಸಿಗುತ್ತದೆ. ಕಿಟಕಿ ಗಾಜಿನ ಹಿಂದೆ ಕುಳಿತರೆ ಸಿಗುವುದೇ ಇಲ್ಲ. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು. ಪ್ರಖರ ಬಿಸಿಲು ಕೆಲವರಿಗೆ ಮೈಗ್ರೇನ್ ಎಬ್ಬಿಸುತ್ತದೆ. ಅಂಥವರು ಟೋಪಿ ಹಾಕಿ, ಕೈಕಾಲಿಗೆ ಬಿಸಿಲು ಕೊಟ್ಟರೆ ಸಾಕು.

ಮಾತ್ರೆಗಳ ಬಗ್ಗೆಯೂ ಎಚ್ಚರವಿರಲಿ. ತಲೆನೋವಿಗೆಂದು ಸಾಧಾರಣ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು ನುಂಗುವ ಅಭ್ಯಾಸ ಬೆಳೆದರೆ, ಆ ಮಾತ್ರೆಯಿಂದಲೇ ಹೊಸ ತಲೆನೋವು ಅಂಟಿಕೊಳ್ಳಬಹುದು.

ಬಿಸಿಲಿನಿಂದ ವಿಟಮಿನ್ ಡಿ ಅತಿಯಾಗುವುದಿಲ್ಲ. ಹೆಚ್ಚಾದದ್ದನ್ನು ಚರ್ಮವೇ ಒಡೆದುಹಾಕುತ್ತದೆ. ವಿಟಮಿನ್ ಡಿ ಮಾತ್ರೆ, ಪುಡಿಗಳಿಗೆ ಆ ತಡೆಯಿಲ್ಲ. ವೈದ್ಯರು ವಾರಕ್ಕೊಂದು ಎಂದು ಬರೆದ 60,000 ಐಯು ಪುಡಿಯನ್ನು ದಿನಕ್ಕೊಂದರಂತೆ ತಿಂಗಳುಗಟ್ಟಲೆ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ ಬರುತ್ತವೆ, ಮೂತ್ರಪಿಂಡಕ್ಕೂ ಏಟು ಬೀಳುತ್ತದೆ. ಚೀಟಿಯಲ್ಲಿ ಬರೆದದ್ದು ದಿನಕ್ಕೋ ವಾರಕ್ಕೋ ಎಂದು ಔಷಧಿ ಅಂಗಡಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ.