ಒಂದೇ ಜಾಗಕ್ಕೆ ಇಬ್ಬರು

ಗಂಡಸರನ್ನೂ ನಾಚಿಕೆಯಿಲ್ಲದೆ ಅಳಿಸಿದ ಟಿ.ವಿ. ಸಿನಿಮಾ ಎಂಬ ಖ್ಯಾತಿ ಅಮೆರಿಕದ ‘ಬ್ರಯಾನ್ಸ್ ಸಾಂಗ್’ಗಿದೆ. ಅದರ ಬೇರು ಹುಡುಕಿಕೊಂಡು ಹೋದರೆ ಸಿಗುವುದು ಹೋಟೆಲ್ ಕೋಣೆ ಹಂಚಿಕೆಯ ಒಂದು ತೀರ್ಮಾನ. ಒಂದೇ ಸ್ಥಾನದಲ್ಲಿ ಆಡುವವರು ಒಂದೇ ಕೋಣೆಯಲ್ಲಿರಲಿ ಎಂದು 1967ರಲ್ಲಿ ಷಿಕಾಗೊ ಬೇರ್ಸ್ ಫುಟ್‌ಬಾಲ್ ತಂಡ ನಿರ್ಧರಿಸಿತು. (ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿ ಓಡುವ ಆಟ.) ಹೀಗೆ ಕಪ್ಪುವರ್ಣೀಯ ಗೇಲ್ ಸೇಯರ್ಸ್, ಬಿಳಿಯ ಬ್ರಯಾನ್ ಪಿಕೊಲೊ ಜತೆಯಾದರು. ಆ ತಂಡದಲ್ಲಿ ಅಂಥ ಜೋಡಿ ಅದೇ ಮೊದಲು.

ಸೇಯರ್ಸ್‌ಗೆ ಮಾತು ಕಮ್ಮಿ, ಕಾಲು ಚುರುಕು. 1965ರಲ್ಲಿ, ತಂಡ ಸೇರಿದ ವರ್ಷವೇ 22 ಟಚ್‌ಡೌನ್ ಗಳಿಸಿದವನು. ಪಿಕೊಲೊ ಕಾಲೇಜು ಮಟ್ಟದಲ್ಲಿ ದೇಶಕ್ಕೇ ಹೆಚ್ಚು ಗಜ ಓಡಿದ್ದರೂ ಆಯ್ಕೆಯ ದಿನ ಯಾವ ತಂಡವೂ ಅವನ ಹೆಸರು ಕೂಗಿರಲಿಲ್ಲ. ಆದರೂ ತಮಾಷೆಗೆ ಬರವಿಲ್ಲ. 1968ರ ನವೆಂಬರ್‌ನಲ್ಲಿ ಸೇಯರ್ಸ್‌ನ ಬಲ ಮಂಡಿಯ ಲಿಗಮೆಂಟ್ ಹರಿದಾಗ ಆ ಜಾಗಕ್ಕೆ ಬಂದವನು ಪಿಕೊಲೊ. ಗೆಳೆಯ ಚೇತರಿಸಿಕೊಂಡರೆ ತಾನು ಮತ್ತೆ ಹಿಂದಕ್ಕೆ ಸರಿಯಬೇಕೆಂದು ಗೊತ್ತಿದ್ದೂ ಅವನ ವ್ಯಾಯಾಮಕ್ಕೆ ಬೆನ್ನುಬಿದ್ದ. ಮರುವರ್ಷ ಸೇಯರ್ಸ್ 1,032 ಗಜ ಓಡಿ ಲೀಗ್‌ಗೇ ಮೊದಲಿಗನಾದ. ಅದೇ ಋತುವಿನಲ್ಲಿ ಅಟ್ಲಾಂಟಾದ ಪಂದ್ಯದ ನಡುವೆ ಪಿಕೊಲೊ ತಾನಾಗಿಯೇ ಹೊರನಡೆದ. ಕೆಮ್ಮು ಬಿಟ್ಟಿರಲಿಲ್ಲ, ಎಕ್ಸ್‌ರೇಯಲ್ಲಿ ಎದೆಯೊಳಗಿನ ಗೆಡ್ಡೆ ಕಂಡಿತು.

1970ರ ಮೇನಲ್ಲಿ ನ್ಯೂಯಾರ್ಕ್‌ನ ಸಮಾರಂಭವೊಂದರಲ್ಲಿ ಸೇಯರ್ಸ್‌ಗೆ ಜಾರ್ಜ್ ಹಲಾಸ್ ಧೈರ್ಯ ಪ್ರಶಸ್ತಿ ಕೊಟ್ಟರು. ಇದು ಸಲ್ಲಬೇಕಾದ್ದು ಬ್ರಯಾನ್‌ಗೆ ಎಂದು ಆ ಮಿತಭಾಷಿ ತುಂಬಿದ ಸಭೆಯಲ್ಲಿ ಹೇಳಿಬಿಟ್ಟ. ಜೂನ್ 16ರಂದು ಪಿಕೊಲೊ ತೀರಿಕೊಂಡ. ವಯಸ್ಸು 26, ಮೂವರು ಹೆಣ್ಣುಮಕ್ಕಳು. ಅದೇ ವರ್ಷ ಅಲ್ ಸಿಲ್ವರ್‌ಮನ್ ಜತೆಗೂಡಿ ಸೇಯರ್ಸ್ ಬರೆದ ಆತ್ಮಕಥೆ ‘ಐ ಆ್ಯಮ್ ಥರ್ಡ್’ ಹೊರಬಂತು. ಗೆಳೆಯನ ಕುರಿತ ಅದರ ಅಧ್ಯಾಯವನ್ನು ವಿಲಿಯಂ ಬ್ಲಿನ್ ಚಿತ್ರಕಥೆ ಮಾಡಿದರು. ಬಜ್ ಕ್ಯೂಲಿಕ್ ನಿರ್ದೇಶಿಸಿದರು. ಪಿಕೊಲೊ ಆಗಿ ಜೇಮ್ಸ್ ಕಾನ್, ಸೇಯರ್ಸ್ ಆಗಿ ಬಿಲ್ಲಿ ಡೀ ವಿಲಿಯಮ್ಸ್ ನಟಿಸಿದರು. 1971ರ ನವೆಂಬರ್ 30ರ ಮಂಗಳವಾರ ರಾತ್ರಿ ಎಬಿಸಿ ವಾಹಿನಿ ಅದನ್ನು ಪ್ರಸಾರ ಮಾಡಿತು.

ಬ್ಲಿನ್ ಅವರ ಜಾಣ್ಮೆ ಇರುವುದು ಸಾವನ್ನು ಗುಟ್ಟಾಗಿಡದೆ ಮೊದಲಿಗೇ ಹೇಳಿಬಿಟ್ಟಿದ್ದರಲ್ಲಿ. ಮುಂದೇನು ಎಂಬ ಕುತೂಹಲದ ಜಾಗವನ್ನು ಕೀಟಲೆ ತುಂಬುತ್ತದೆ. ಸೇಯರ್ಸ್ ರಕ್ತ ಕೊಟ್ಟಿದ್ದಾನೆಂದು ತಿಳಿದಾಗ ಹಾಸಿಗೆ ಹಿಡಿದ ಪಿಕೊಲೊ, ಓಹೋ, ಅದಕ್ಕೇ ಇಡೀ ದಿನ ಚಿಟ್ಲಿನ್ಸ್ ತಿನ್ನಬೇಕೆನಿಸುತ್ತಿದೆ ಎಂದು ಛೇಡಿಸುತ್ತಾನೆ. ಹಂದಿ ಕರುಳಿನ ಆ ಅಡುಗೆ ದಕ್ಷಿಣದ ಕಪ್ಪುಜನರ ಮನೆಯದ್ದು. ಜನಾಂಗದ್ವೇಷ ಇನ್ನೂ ಕುದಿಯುತ್ತಿದ್ದ ದೇಶದಲ್ಲಿ ಈ ಮಾತು ಯಾವ ಭಾಷಣಕ್ಕೂ ಕಮ್ಮಿಯಲ್ಲ. ಮಿಷೆಲ್ ಲೆಗ್ರಾಂಡ್ ಅವರ ಸಂಗೀತ ಮಾತ್ರ ಕಣ್ಣೀರಿಗೆ ತುಸು ಅವಸರ ಮಾಡುತ್ತದೆ ಎಂದು ನನಗನ್ನಿಸುತ್ತದೆ. ಅಂದಹಾಗೆ, ಸಾಯುವವನೇ ಎಲ್ಲರನ್ನೂ ನಗಿಸುವ ಹೃಷಿಕೇಶ್ ಮುಖರ್ಜಿ ಅವರ ‘ಆನಂದ್’ ತೆರೆಕಂಡಿದ್ದೂ 1971ರಲ್ಲೇ. ಒಂದಕ್ಕೊಂದು ಸಂಬಂಧವಿಲ್ಲ.

‘ಬ್ರಯಾನ್ಸ್ ಸಾಂಗ್’ಗೆ ಎಮ್ಮಿ ಪ್ರಶಸ್ತಿ ಬಂತು. ಇನ್ನು ಪಿಕೊಲೊನ ಎದೆಯ ಆ ಗೆಡ್ಡೆ, ಎಂಬ್ರಿಯೋನಲ್ ಸೆಲ್ ಕಾರ್ಸಿನೋಮ ಎಂಬ ಕ್ಯಾನ್ಸರ್. ಆ ಗುಂಪಿನ ಕ್ಯಾನ್ಸರ್‌ಗೆ ಇಂಡಿಯಾನಾದ ವೈದ್ಯ ಲಾರೆನ್ಸ್ ಐನ್‌ಹಾರ್ನ್ 1974ರಲ್ಲಿ ಸಿಸ್‌ಪ್ಲಾಟಿನ್ ಬೆರೆಸಿದ ಔಷಧ ಕೊಡತೊಡಗಿದರು. ಈಗ ಅಂಥ ಬಹುಪಾಲು ರೋಗಿಗಳು ಗುಣವಾಗುತ್ತಾರೆ. 2001ರಲ್ಲಿ ಎಬಿಸಿ ಇದೇ ಕಥೆಯನ್ನು ಹೊಸ ನಟರೊಂದಿಗೆ ಮತ್ತೆ ತೆಗೆಯುವ ಹೊತ್ತಿಗೆ, ಕಥೆಯ ಕೊನೆಯನ್ನು ನಂಬಿಸಲು ಅದನ್ನು 1970ರಲ್ಲೇ ಇಡಬೇಕಿತ್ತು.